ಕಲಕೇರಿಯವರ ಮೈನಸ್

ಕಾರಿನಿಂದ ಇಳಿದ ಕೂಡಲೇ ಕಲಕೇರಿಯವರು ಮಾಡುತ್ತಿದ್ದ ಮೊದಲ ಕೆಲಸ ಎಡಗೈಯ ಹಿಂಬದಿಯನ್ನು ಒದ್ದೆ ಮಾಡಿಕೊಳ್ಳುವುದು. ಬಾಟಲಿ ಇದ್ದರೆ ಬಾಟಲಿಯ ನೀರು, ಇಲ್ಲದಿದ್ದರೆ ನಾಲಿಗೆ. ಆಮೇಲೆ ಆ ಕೈಯನ್ನು ಗಾಳಿಗೆ ಹಿಡಿದು, ಅದು ಒಣಗುವವರೆಗೆ ತುಟಿಯಲ್ಲೇ ಎಣಿಸುತ್ತಿದ್ದರು. ಡಾಲಸ್‌ನಿಂದ ಹ್ಯೂಸ್ಟನ್‌ಗೆ ಹೋಗುವ ದಾರಿಯ ಗ್ಯಾಸ್ ಸ್ಟೇಷನ್‌ಗಳಲ್ಲಿ, ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಒಮ್ಮೆ ಯಾರದೋ ಮದುವೆಯ ಆರತಕ್ಷತೆಗೆ ಹೋದಾಗ ಸೂಟು ತೊಟ್ಟುಕೊಂಡೇ ಹೋಟೆಲಿನ ಬಾಗಿಲಲ್ಲಿ. ನೋಡಿದವರು ಈತನಿಗೆ ಏನೋ ಕಚ್ಚಿದೆ ಎಂದುಕೊಳ್ಳುತ್ತಿದ್ದರು.

"ಇಪ್ಪತ್ತೆಂಟು," ಎಂದು ಕೊನೆಗೆ ಸಾರುತ್ತಿದ್ದರು. "ಬಾಯಾರ, ಬರ್ಕೊಳ್ರಿ."

ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನಾನು ಒಂದು ಸಲವೂ ಬರೆದುಕೊಳ್ಳಲಿಲ್ಲ. ನಮ್ಮ ನಮೂನೆಯಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.

ಈ 'ಬಾಯಾರ' ಎಂಬುದನ್ನು ಮೊದಲು ಹೇಳಿ ಮುಗಿಸುತ್ತೇನೆ. ಆಸ್ಟಿನ್‌ನ ಆ ಕಚೇರಿಗೆ ನಾನು ಸೇರಿದ ದಿನ, ಹೊರಗಿನ ಬಿಸಿಲಿನಿಂದ ಬಂದ ದಪ್ಪ ಮೀಸೆಯ ಒಬ್ಬರು ನನ್ನ ಮೇಜಿನ ಎದುರು ನಿಂತರು. ಅಂಗಿಯ ಬೆನ್ನೆಲ್ಲ ಬೆವರು. ಮೇಜಿನ ಮೇಲೆ ನನ್ನ ಹೆಸರಿತ್ತು: ಸುಶೀಲಾ ಮೈಸೂರು. ಪಾಸ್‌ಪೋರ್ಟ್ ಮಾಡಿಸುವಾಗ ಊರನ್ನೇ ಮನೆತನದ ಹೆಸರಾಗಿ ಅಂಟಿಸಿಬಿಟ್ಟಿದ್ದರು. ಅವರು ಅದನ್ನು ಓದಿ, ಮುಖವರಳಿಸಿ, "ಬಾಯಾರ..." ಎಂದು ನಿಲ್ಲಿಸಿದರು. ಪಾಪ, ಬಾಯಾರಿದೆ ಎಂದು ನಾನು ಎದ್ದು ಹೋಗಿ ಒಂದು ಲೋಟ ತಣ್ಣೀರು ತಂದುಕೊಟ್ಟೆ. ಕುಡಿದರು. "ಬಾಯಾರ, ಹಳೀ ಫೈಲು ಎಲ್ಲದಾವ್ರಿ?" ಎಂದರು. ಇನ್ನೊಂದು ಲೋಟ ತಂದೆ. ಅದನ್ನೂ ಕುಡಿದರು. ಮೂರನೆಯದಕ್ಕೆ ಎದ್ದಾಗ ಎರಡೂ ಕೈ ಮುಗಿದರು.

"ಸಾಕ್ರಿ, ಹೊಟ್ಟಿ ಒಡೀತೈತಿ. ನಿಮ್ಮ ಮೈಸೂರ ಕಡೆ ಮಾತಾಡಿಸಿದವ್ರಿಗೆಲ್ಲ ನೀರ ಕುಡಸ್ತೀರೇನು?"

ಬಿಜಾಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. ನಾನು ಟೀಚರ್ ಅಲ್ಲ ಎಂದೆ. "ಮುಖ ನೋಡಿದ್ರ ಹಂಗ ಕಾಣ್ತೀರಲ್ರಿ," ಎಂದರು. ಅಂದಿನಿಂದ ನಾನು ಬಾಯಾರ. ಅಮೆರಿಕನ್ನರಿಗೆ ಅವರು ಕ್ಯಾಲ್. ಕಲಕೇರಿಯನ್ನು ಅಷ್ಟಕ್ಕೇ ಮುಗಿಸಿದ್ದರು.

ಮುಖ ನೋಡಿ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮದುವೆಗೆ ಮೊದಲು ನಾನು ಊರಿನ ಹವಾಮಾನ ವೀಕ್ಷಣಾಲಯದಲ್ಲಿ ಇದ್ದವಳು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಉಪಕರಣದ ಮುಂದೆ ನಿಂತಿರಬೇಕು. ಎಂಟು ಮೂವತ್ತೊಂದಕ್ಕೆ ಓದಿದ್ದು ವೀಕ್ಷಣೆಯಲ್ಲ, ಗಾಳಿಮಾತು ಎಂದು ನಮ್ಮ ಮುಖ್ಯಸ್ಥರು ಹೇಳುತ್ತಿದ್ದರು. ಆ ಶಿಸ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಡುಗೆಮನೆಯ ಡಬ್ಬಿಗಳಿಗೂ ತಾರೀಖು ಅಂಟಿಸುತ್ತೇನೆ. ಇಂಥವಳ ಪಕ್ಕದ ಮೇಜಿಗೆ ಕಲಕೇರಿಯವರನ್ನು ಕೂರಿಸಿದ್ದರು.

ನಮ್ಮ ಕೆಲಸ ಇಷ್ಟು. ಒಂದು ನದಿಗೆ ನೀರು ಹರಿದು ಬರುವ ಪ್ರದೇಶವನ್ನೆಲ್ಲ ಜಲಾನಯನ ಎನ್ನುತ್ತಾರೆ. ಅಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ನದಿಗೆ ಸೇರುತ್ತದೆ, ಎಷ್ಟು ಮಣ್ಣಿನಿಂದ, ಎಲೆಗಳಿಂದ, ಕೆರೆಗಳಿಂದ ಆವಿಯಾಗಿ ಹೋಗುತ್ತದೆ ಎಂದು ಅಂದಾಜು ಮಾಡಬೇಕು. ಅಷ್ಟು ದೊಡ್ಡ ನೆಲದಿಂದ ಏಳುವ ಆವಿಯನ್ನು ಯಾರೂ ಹಿಡಿದು ಅಳೆಯಲಾರರು. ಆದ್ದರಿಂದ ಹವಾಮಾನ ಕೇಂದ್ರದ ಉಷ್ಣತೆ, ತೇವಾಂಶ, ಗಾಳಿ, ಬಿಸಿಲು ಇವನ್ನು ಸೂತ್ರಕ್ಕೆ ಹಾಕಿ ಲೆಕ್ಕ ತೆಗೆಯುತ್ತಿದ್ದೆವು. ಸೂತ್ರ ಎಷ್ಟು ನಿಜ ಹೇಳುತ್ತಿದೆ ಎಂದು ಒರೆಗೆ ಹಚ್ಚಲು ಬಯಲಿನಲ್ಲಿ ಒಂದು ಅಗಲವಾದ ತಗಡಿನ ತೊಟ್ಟಿ. ಅದರಲ್ಲಿ ನೀರು ತುಂಬಿಟ್ಟು, ದಿನಾ ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ಓದುವುದು. ಮಳೆ ಬಂದಿದ್ದರೆ ಆ ಮಳೆಯನ್ನು ಅದಕ್ಕೆ ಕೂಡಿಸುವುದು. ಕಚೇರಿಯವರು ಪ್ಯಾನ್ ಎನ್ನುತ್ತಿದ್ದ ಈ ತೊಟ್ಟಿಯನ್ನು ಕಲಕೇರಿಯವರು 'ಬೋಗಾಣಿ' ಎನ್ನುತ್ತಿದ್ದರು. ಒಮ್ಮೆ ವರದಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಬೋಗಾಣಿ ಎಂದೇ ಬರೆದಿದ್ದರು. ಕೊನೆಯ ಗಳಿಗೆಯಲ್ಲಿ ತಿದ್ದಿದವಳು ನಾನು.

ಆವಿಯ ಕಾಲಮಿಗೆ ನಾವು 'ಲಾಸ್' ಎಂದು ತಲೆಬರಹ ಕೊಡುತ್ತಿದ್ದೆವು. ಅದಕ್ಕೂ ಅವರ ತಕರಾರು.

"ಲಾಸ್ ಯಾರಿಗ್ರಿ, ಬಾಯಾರ? ಮ್ಯಾಲ ಹೋದದ್ದು ಮತ್ತೆಲ್ಲೋ ಬೀಳತೈತಿ. ಅಲ್ಲಿಯವ ಅದನ್ನ ಲಾಭ ಅಂತ ಬರೀತಾನೇನು?"

"ಕಲಕೇರಿಯವರೇ, ಐದು ಗಂಟೆಗೆ ಟೇಬಲ್ ಕಳಿಸಬೇಕು."

"ಕಳಸ್ರಿ, ಕಳಸ್ರಿ. ನಾ ಏನ ಹಿಡ್ಕೊಂಡೀನೇನು?"

ಹಿಡಿದುಕೊಂಡೇ ಇರುತ್ತಿದ್ದರು. ಕೊಡಬೇಕಾದ ಅಂಕಿಯನ್ನು ಸಮಯಕ್ಕೆ ಕೊಟ್ಟವರೇ ಅಲ್ಲ. ಕೊಟ್ಟರೂ ಅದು ಇಂಡಿಯನ್ ಗ್ರೋಸರಿಯ ಬಿಲ್ಲಿನ ಹಿಂದೆ, ಊದುಬತ್ತಿಯ ಪೆಟ್ಟಿಗೆಯ ಒಳಮೈಯಲ್ಲಿ, ಯಾವುದೋ ಗೃಹಪ್ರವೇಶದ ಕಾರ್ಡಿನ ಮೂಲೆಯಲ್ಲಿ ಇರುತ್ತಿತ್ತು. ಒಂದು ಸಲ ಇಡೀ ಜೂನ್ ತಿಂಗಳ ಗಾಳಿಯ ಲೆಕ್ಕ ತೊಗರಿಬೇಳೆಯ ಚೀಲದ ಮೇಲೆ ಬಂತು. ಲೆಕ್ಕ ಸರಿಯಾಗಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. "ಶೀಟಿನಲ್ಲಿ ಬರೆದು ಕೊಡಿ, ಚೀಟಿ ನಾನು ತೆಗೆದುಕೊಳ್ಳೋದಿಲ್ಲ," ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕುರ್ಚಿಯ ಕೆಳಗೆ ಇಟ್ಟುಕೊಂಡರು.

ಆಸ್ಟಿನ್‌ನ ಪಶ್ಚಿಮಕ್ಕಿರುವ ಗುಡ್ಡಗಳಲ್ಲಿ ಒಂದು ಸಣ್ಣ ನದಿ. ಅದರ ಬದಿಯ ಐದು ಊರುಗಳವರು ಕೂಡಿ ಒಂದು ಜಲಾಶಯ ಕಟ್ಟಿಸಬೇಕೆಂದಿದ್ದರು. ಆವಿಯಾಗಿ ಹೋದ ಮೇಲೆ ಅದನ್ನು ತುಂಬುವಷ್ಟು ನೀರು ಉಳಿಯುತ್ತದೆಯೇ ಎಂದು ನಮ್ಮನ್ನು ಕೇಳಿದರು. ನದಿಯ ಬದಿಯ ಒಂದು ಹುಲ್ಲುಗಾವಲಿನಲ್ಲಿ ತೊಟ್ಟಿ ಇಟ್ಟೆವು. ನನ್ನ ಮನೆಯಿಂದ ಇಪ್ಪತ್ತೈದು ನಿಮಿಷದ ದಾರಿ. ಒಂದು ವರ್ಷ, ಶನಿವಾರ ಭಾನುವಾರ ಬಿಡದೆ, ಎಂಟೂವರೆಗೆ ನಾನೇ ಹೋಗಿ ಓದಿದೆ. ತೊಟ್ಟಿಯ ಪಕ್ಕದಲ್ಲಿದ್ದ ಮಳೆಮಾಪಕವನ್ನು ಮೊದಲ ತಿಂಗಳಲ್ಲೇ ಯಾರದೋ ಉದ್ದ ಕೊಂಬಿನ ದನ ಉರುಳಿಸಿ ತುಳಿದುಹಾಕಿತ್ತು. ಹೊಸದು ಬರಲೇ ಇಲ್ಲ. ಮಳೆಯ ಅಂಕಿಯನ್ನು ಹತ್ತಿರದ ವಿಮಾನ ನಿಲ್ದಾಣದ ಹವಾಮಾನ ಕೇಂದ್ರದಿಂದ ತೆಗೆದುಕೊಂಡೆವು.

ಒಂದು ಬೆಳಿಗ್ಗೆ ಕಲಕೇರಿಯವರು ಜೊತೆಗೆ ಬಂದಿದ್ದರು. ಕೈ ಒದ್ದೆ ಮಾಡಿ ಎಣಿಸಿ ಮುಗಿಸಿ, ನನ್ನ ಪುಸ್ತಕದೊಳಗೆ ಇಣುಕಿದರು.

"ಬಾಯಾರ, ಈಗ ಓದಿದ್ರಲ್ಲ, ಇದು ಯಾವತ್ತಿನ ನೀರು?"

"ಇವತ್ತಿನದು. ಇವತ್ತು ತಾನೇ ಓದಿದ್ದು."

"ಇವತ್ತು ಇನ್ನಾ ಬಿಸಲ ಬಿದ್ದಿಲ್ಲಲ್ರಿ."

ತಮಾಷೆ ಎಂದುಕೊಂಡೆ. ಓದಿದ ದಿನದ ತಾರೀಖಿಗೆ ಬರೆಯುವುದು ನಾನು ಕಲಿತ ನಿಯಮ. ಊರಿನಲ್ಲಿ ಹಾಗೆಯೇ ಬರೆದಿದ್ದೆ, ಯಾರೂ ಪ್ರಶ್ನಿಸಿರಲಿಲ್ಲ. "ನಡೀರಿ, ಮೀಟಿಂಗ್‌ಗೆ ತಡವಾಗತ್ತೆ," ಎಂದೆ. ಅವರು ಹಾಳೆಯ ಇನ್ನೊಂದು ಕಡೆ ಬೆರಳಿಟ್ಟರು.

"ಈ ಸೊನ್ನಿ ಯಾಕ್ರಿ ಇಷ್ಟ ಅದಾವು?"

"ಲೆಕ್ಕದಲ್ಲಿ ಮೈನಸ್ ಬಂದ ದಿನಗಳು. ಆವಿ ಮೈನಸ್ ಆಗಲು ಸಾಧ್ಯವಿಲ್ಲವಲ್ಲ, ಅದಕ್ಕೆ ಸೊನ್ನೆ ಹಾಕಬೇಕು. ನಿಯಮ ಇದೆ."

"ಸೊನ್ನಿ ಅಂದ್ರ ಏನೂ ಆಗಿಲ್ಲ ಅಂತ. ಮೈನಸ್ ಅಂದ್ರ ಏನೋ ಆಗೇತಿ ಅಂತ. ಎರಡೂ ಒಂದ ಏನ್ರಿ?"

"ಏನಾಗಿದೆ ಹೇಳಿ, ತಿದ್ದುತ್ತೀನಿ."

"ಅದು ಗೊತ್ತಿಲ್ಲ. ಖರೇ, ಏನೋ ಐತಿ."

ಇದೇ ಅವರ ಇಡೀ ರೋಗ. ಏನೋ ಐತಿ! ಏನು ಎಂದು ಕೇಳಿದರೆ ಕೈ ತೋರಿಸುತ್ತಿದ್ದರು. ಆ ಕಣಿವೆಯಲ್ಲಿ ತಮ್ಮ ಕೈ ಒಣಗುವುದು ನಿಧಾನ, ನನ್ನ ತೊಟ್ಟಿ ಹೇಳುವಷ್ಟು ವೇಗ ಅಲ್ಲಿಲ್ಲ ಎಂದು ವಾದ. ಇದನ್ನು ನಾನು ಯಾವ ಸೂತ್ರಕ್ಕೆ ಹಾಕಲಿ?

ವರದಿ ಸಿದ್ಧವಾಯಿತು. ಆವಿ ಹೆಚ್ಚು, ಜಲಾಶಯ ತುಂಬುವುದು ಅನುಮಾನ ಎಂದು ಅದರ ಸಾರಾಂಶ. ಸಹಿ ಹಾಕಬೇಕಾದ ಇಂಜಿನಿಯರ್ ಕಲಕೇರಿ. ಅವರು ಹಾಕಲಿಲ್ಲ. ಒಂದು ವಾರ, ಎರಡು ವಾರ. ಐದೂ ಊರುಗಳಿಂದ ಫೋನು. ಕೊನೆಗೆ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದ. ಟೆಕ್ಸಸ್‌ನವನೇ, ಒಳ್ಳೆಯ ಮನುಷ್ಯ, ಆದರೆ ಅವನ ತಾಳ್ಮೆಯೂ ಮುಗಿದಿತ್ತು.

"ಕ್ಯಾಲ್, ಸಂಖ್ಯೆ ತಪ್ಪು ಅಂತೀಯ. ಸರಿಯಾದದ್ದು ಎಷ್ಟು?"

"ಇದಕ್ಕಿಂತ ಕಡಿಮೆ."

"ಎಷ್ಟು ಕಡಿಮೆ?"

ಕಲಕೇರಿಯವರು ತಮ್ಮ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದರು. ಬಿಲ್ಲುಗಳು, ಕಾರ್ಡುಗಳು, ರಟ್ಟಿನ ತುಂಡುಗಳು. ಒಂದೊಂದರಲ್ಲೂ ಒಂದೊಂದು ಅಂಕಿ: ಮೂವತ್ತೊಂದು, ಐವತ್ತು, ನಲವತ್ತಾರು. ಕೈ ಒಣಗಿದ ಲೆಕ್ಕ. ಮ್ಯಾನೇಜರ್ ಒಂದೆರಡನ್ನು ಎತ್ತಿ ನೋಡಿ, ನನ್ನ ಕಡೆ ತಿರುಗಿದ.

"ಸುಶೀಲಾ, ಇದರಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದೆಯೇ?"

"ಇಲ್ಲ," ಎಂದೆ. "ತಾರೀಖಿಲ್ಲ, ಸಮಯವಿಲ್ಲ, ಜಾಗದ ಹೆಸರಿಲ್ಲ."

ಒಂದೊಂದು ಮಾತೂ ನಿಜ. ಕಲಕೇರಿಯವರು ಚೀಟಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ. ಬಾಗಿಲ ಹತ್ತಿರ ಮಾತ್ರ ನನಗೆ ಕೇಳುವಷ್ಟು ಹೇಳಿದರು: "ಅದಕ್ಕ ನಿಮಗ ಬರ್ಕೊಳ್ರಿ ಅಂತಿದ್ದೆ, ಬಾಯಾರ."

ಬೇರೆಯವರು ಸಹಿ ಹಾಕಿದರು. ಊರಿನವರು ಜಲಾಶಯದ ಆಸೆ ಬಿಟ್ಟು ಬಾವಿ ಕೊರೆಸಿದರು. ಕಲಕೇರಿಯವರನ್ನು ನದಿಗಳ ಕೆಲಸದಿಂದ ತೆಗೆದು, ಅಂಗಡಿಗಳ ಪಾರ್ಕಿಂಗ್ ಲಾಟಿನಿಂದ ಮಳೆನೀರು ಯಾವ ಚರಂಡಿಗೆ ಹೋಗಬೇಕು ಎಂದು ನೋಡುವ ಕೆಲಸಕ್ಕೆ ಹಾಕಿದರು. ನಿವೃತ್ತಿಯವರೆಗೂ ಅದನ್ನೇ ಮಾಡಿದರು. ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಅದರ ಬದಲು ಬೀಳ್ಕೊಡುಗೆಯ ದಿನ ಮನೆಯಿಂದ ಶೇಂಗಾ ಹೋಳಿಗೆ ತಂದು, ನನ್ನ ಮೇಜಿನ ಮೇಲಿಟ್ಟು, "ಮ್ಯಾಲ ತಾರೀಖ ಬರದೀನ್ರಿ, ನೋಡ್ಕೊಂಡ ತಿನ್ರಿ," ಎಂದರು. ನಿಜಕ್ಕೂ ಬರೆದಿದ್ದರು.

ನಾನೂ ನಿವೃತ್ತಳಾಗಿ ಹ್ಯೂಸ್ಟನ್‌ನ ಸೈಪ್ರೆಸ್‌ಗೆ ಬಂದೆ. ಹಿತ್ತಿಲಲ್ಲಿ ಒಂದು ತೊಟ್ಟಿ, ಒಂದು ಮಳೆಮಾಪಕ. ಬೇರೆಯವರು ಗುಲಾಬಿ ಬೆಳೆಯುತ್ತಾರೆ, ನಾನು ಬೆಳಿಗ್ಗೆ ಎಂಟೂವರೆಗೆ ನೀರು ಓದುತ್ತೇನೆ. ಇಂಚುಗಳ ದೇಶದಲ್ಲಿ ಇಂದಿಗೂ ಮಿಲಿಮೀಟರಿನಲ್ಲೇ. ಕಳೆದ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವವರ ಯಂತ್ರದಿಂದ ಸಿಡಿದ ಕಲ್ಲು ನನ್ನ ಮಳೆಮಾಪಕವನ್ನು ಒಡೆಯಿತು. ಹೊಸದು ಬರುವವರೆಗೆ ಮಳೆಯ ಅಂಕಿಯನ್ನು ಫೋನಿನಲ್ಲಿ ವಿಮಾನ ನಿಲ್ದಾಣದಿಂದ ತೆಗೆದುಕೊಳ್ಳೋಣ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಓದಿದಾಗ ನೀರು ಐದು ಮಿಲಿಮೀಟರ್ ಇಳಿದಿತ್ತು. ಮಂಗಳವಾರವೇ ಮಧ್ಯಾಹ್ನ ಹನ್ನೆರಡು ಮಿಲಿಮೀಟರ್ ಮಳೆಯಾಯಿತು. ಬುಧವಾರ ಬೆಳಿಗ್ಗೆ ನೀರು ಏಳು ಏರಿತ್ತು. ಫೋನಿನಲ್ಲಿ ಕಂಡ ಮಳೆಯನ್ನು ಫೋನಿನ ತಾರೀಖಿಗೇ, ಅಂದರೆ ಮಂಗಳವಾರಕ್ಕೇ, ಬರೆದೆ. ಮಂಗಳವಾರದ ಆವಿ: ಐದು, ಅದಕ್ಕೆ ಹನ್ನೆರಡು ಕೂಡಿಸಿ, ಹದಿನೇಳು. ಬುಧವಾರ ಮಳೆಯಿಲ್ಲ, ನೀರು ಏರಿದೆ: ಮೈನಸ್ ಏಳು. ನಿಯಮದಂತೆ ಸೊನ್ನೆ ಬರೆಯಲು ಹಾಳೆಗೆ ಪೆನ್ನು ಊರಿದೆ.

ಅಲ್ಲೇ ನಿಂತೆ. ಬೆಳಿಗ್ಗೆ ಓದಿದ ನೀರು ನಿನ್ನೆಯದು. ಇವತ್ತು ಇನ್ನೂ ಬಿಸಿಲು ಬಿದ್ದಿಲ್ಲ. ಊರಿನಲ್ಲಿ ಮಳೆಯನ್ನೂ ತೊಟ್ಟಿಯನ್ನೂ ಒಂದೇ ಹೊತ್ತಿಗೆ ಓದಿ ಒಂದೇ ತಾರೀಖಿಗೆ ಬರೆಯುತ್ತಿದ್ದುದರಿಂದ ಎರಡೂ ಜೊತೆಯಾಗಿಯೇ ಇರುತ್ತಿದ್ದವು. ಇಲ್ಲಿ ವಿಮಾನ ನಿಲ್ದಾಣದವರು ಮಳೆಯನ್ನು ಬಿದ್ದ ದಿನಕ್ಕೇ ಬರೆಯುತ್ತಾರೆ, ಅದೇ ಮಳೆ ನನ್ನ ತೊಟ್ಟಿಯಲ್ಲಿ ಕಾಣುವುದು ಮರುದಿನದ ತಾರೀಖಿಗೆ: ಒಂದು ದಿನದ ಅಂತರ. ಹದಿನೇಳರಲ್ಲಿ ಏಳು ಕಳೆದರೆ ಎರಡು ದಿನಕ್ಕೆ ಹತ್ತು. ಸರಿಯಾದ ಲೆಕ್ಕ. ಆ ಮೈನಸ್ ತಾನಾಗಿಯೇ ತಪ್ಪನ್ನು ತಿದ್ದುತ್ತಿತ್ತು. ನಾನು ಅದರ ಮೇಲೆ ಸೊನ್ನೆ ಬರೆದು, ಎರಡು ದಿನಕ್ಕೆ ಹದಿನೇಳು ಮಾಡುತ್ತಿದ್ದೆ. ಆ ಕಣಿವೆಯಲ್ಲಿ ಒಂದು ವರ್ಷ, ಪ್ರತಿ ಸಣ್ಣ ಮಳೆಗೂ ಹೀಗೆಯೇ ಮಾಡಿದ್ದೆ. ದೊಡ್ಡ ಮಳೆಯಲ್ಲಿ ತೊಟ್ಟಿ ತುಂಬಿ ಹರಿಯುತ್ತದೆಂದು ಆ ದಿನಗಳನ್ನು ಕೈಬಿಟ್ಟಿದ್ದೆ. ಉಳಿದದ್ದೆಲ್ಲ ಸಣ್ಣ ಮಳೆಯೇ. ವರದಿಗೆ ಹೋದದ್ದು ತಿಂಗಳ ಮೊತ್ತ ಮಾತ್ರ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆ ಮೊತ್ತಕ್ಕೆ ಸೂತ್ರವನ್ನು ಹೊಂದಿಸಿ, ಇಡೀ ಜಲಾನಯನಕ್ಕೆ ಆವಿ ಹೆಚ್ಚೆಂದು ಬರೆದುಕೊಟ್ಟೆವು.

ಅವರಿಗೂ ಇದು ಪೂರ್ತಿ ಗೊತ್ತಿರಲಿಲ್ಲ, ನಿಜ. ಆದರೆ ಎರಡೂ ಕಡೆ ಬೆರಳಿಟ್ಟಿದ್ದರು. ಎರಡು ಪ್ರಶ್ನೆಗಳನ್ನು ಜೋಡಿಸುವ ಕೆಲಸ ನನ್ನದಾಗಿತ್ತು, ಆದರೆ ನಾನು ಜಾಣೆಯಾಗಿದ್ದುದು ಅಂಕಿಗಳನ್ನು ಕಾಲಮಿನಲ್ಲಿ ಜೋಡಿಸಿಡುವುದರಲ್ಲಿ ಮಾತ್ರ.

ಹಳೆಯ ಕಚೇರಿಗೆ ಎರಡು ಪುಟದ ಕಾಗದ ಬರೆದೆ. ನಾಲ್ಕು ಸಾಲಿನ ಉತ್ತರ ಬಂತು: ಕಾಳಜಿಗೆ ಧನ್ಯವಾದ, ಆ ಕಡತ ಮುಗಿದಿದೆ. ಫೋನ್ ಮಾಡಿದೆ. ಫೋನ್ ತೆಗೆದ ಹುಡುಗಿ, ಕ್ಯಾಲ್ ಅಂದರೆ ಯಾರು ಎಂದು ಕೇಳಿದಳು. ಐದು ಊರುಗಳಲ್ಲಿ ಈಗ ಬೇಸಿಗೆಯಲ್ಲಿ ವಾರಕ್ಕೆ ಒಂದೇ ದಿನ ಹುಲ್ಲಿಗೆ ನೀರು ಬಿಡಬೇಕಂತೆ. ನನ್ನ ಸೊನ್ನೆಗಳಿಂದಲೇ ಹೀಗಾಯಿತು ಎಂದು ಹೇಳಲಾರೆ. ಆಗಿಲ್ಲ ಎಂದೂ ಹೇಳಲಾರೆ.

ಉಳಿದದ್ದು ಒಂದೇ: ತಪ್ಪು ನನ್ನದು ಎಂದು ಅವರಿಗೆ ಹೇಳಬೇಕು. ಅವರು ಪಾರ್ಶ್ವವಾಯುವಾಗಿ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಸರಿಯಾದ ಲೆಕ್ಕವನ್ನೂ ತಪ್ಪಿದ ಲೆಕ್ಕವನ್ನೂ ಅಕ್ಕಪಕ್ಕ ಟೈಪ್ ಮಾಡಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿದೆ. ಅದೇ ನಮ್ಮ ಕೊನೆಯ ಭೇಟಿ.

ಮಗಳು ಕೆಲಸಕ್ಕೆ ಹೋಗಿದ್ದಳು. ಅಳಿಯ ರಘು, ಬೆಂಗಳೂರಿನವರು, ಮನೆಯಿಂದಲೇ ಕೆಲಸ ಮಾಡುತ್ತಾ ಮಾವನನ್ನು ನೋಡಿಕೊಳ್ಳುತ್ತಿದ್ದರು. "ಬನ್ನಿ ಆಂಟಿ. ಮಾತು ಜಾಸ್ತಿ ಬರಲ್ಲ ಅವರಿಗೆ. ಏನಾದ್ರೂ ಬೇಕಂದ್ರೆ ಕರೀರಿ, ನನಗೊಂದು ಕಾಲ್ ಇದೆ," ಎಂದು ಪಕ್ಕದ ಕೋಣೆಗೆ ಹೋದರು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಮೀಸೆಯನ್ನು ಯಾರೋ ತೀರಾ ಚಿಕ್ಕದಾಗಿ ಕತ್ತರಿಸಿದ್ದರು. ನಾನು ಎದುರು ಕುಳಿತು ಹಾಳೆ ಬಿಡಿಸಿ ಮೊದಲಿನಿಂದ ಹೇಳಿದೆ. ದನ, ಮಳೆಮಾಪಕ, ತಾರೀಖು, ಸೊನ್ನೆ. "ನೀವು ಹೇಳಿದ್ದು ಸರಿ. ನನ್ನದು ತಪ್ಪು," ಎಂದೆ. ಅವರು ಕಿಟಕಿಯ ಆಚೆಗೆ ನೋಡುತ್ತಿದ್ದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ನನಗೆ ಹಳೆಯ ಸಿಟ್ಟೇ ಬಂತು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದವಳಿಗೆ ಒಂದು ಹೂಂ ಅನ್ನಬಾರದೇ? ನಾ ಹೇಳಿದ್ನಿಲ್ರಿ ಎಂದು ಚುಚ್ಚಬಾರದೇ?

ಹಾಳೆ ಮಡಚಿ ಬ್ಯಾಗಿಗೆ ಹಾಕಿ ಎದ್ದೆ.

"ಬಾಯಾರ," ಎಂದರು.

ನಾನು ತಿರುಗುವಷ್ಟರಲ್ಲಿ ರಘು ಲೋಟ ಹಿಡಿದು ಬಂದರು. "ಇದೇ ನೋಡಿ ಆಂಟಿ, ದಿನಾ ಇದೇ ಕಥೆ. ಬಾಯಾರಿದೆ ಅಂತಾರೆ, ಕೊಟ್ರೆ ಕುಡಿಯಲ್ಲ. ಕೈ ಹಾಕಿ ಚೆಲ್ತಾರೆ. ಸೋಫಾ ಎರಡು ಸಲ ಕ್ಲೀನ್ ಮಾಡಿಸಿದ್ದಾಯ್ತು."

ಕಲಕೇರಿಯವರು ಎಡಗೈಯನ್ನು ಲೋಟದ ಬಾಯಿಗೆ ತುರುಕಲು ನೋಡುತ್ತಿದ್ದರು. ನೀರು ರಘುವಿನ ಅಂಗಿಯ ಮೇಲೆ ಚೆಲ್ಲಿತು. ಬಲಗೈ ಏಳದು, ನಾಲಿಗೆಯೂ ಹಿಡಿತದಲ್ಲಿರಲಿಲ್ಲ. ಎಡಗೈಗೆ ನೀರು ಹಾಕಿಕೊಳ್ಳಲು ಇನ್ನೊಂದು ಕೈ ಅವರಿಗಿರಲಿಲ್ಲ.

"ಲೋಟ ಇಲ್ಲಿ ಕೊಡಿ," ಎಂದೆ. "ಅವರಿಗೆ ಬಾಯಾರಿಲ್ಲ."

ಅವರ ಎಡಗೈಯನ್ನು ಮಗುಚಿ, ಹಿಂಬದಿಯ ಮೇಲೆ ನಾಲ್ಕು ಹನಿ ಬಿಟ್ಟು ಬೆರಳಿನಿಂದ ಹರಡಿದೆ. ಅವರು ಕೈಯನ್ನು ಎಸಿಯ ಗಾಳಿ ಬರುವ ಕಡೆ ಎತ್ತಿದರು. ತುಟಿ ಅಲುಗತೊಡಗಿತು. ದನಿ ಬರಲಿಲ್ಲ, ಆದ್ದರಿಂದ ನಾನೇ ಎಣಿಸಿದೆ. ರಘು ಒದ್ದೆ ಅಂಗಿಯಲ್ಲಿ ಇಬ್ಬರನ್ನೂ ನೋಡುತ್ತಾ ನಿಂತರು. ನಲವತ್ತೊಂದಕ್ಕೆ ಬಂದಾಗ ತುಟಿ ನಿಂತಿತು.

"ಬಾಯಾರ," ಎಂದರು ಮತ್ತೆ, ಈ ಸಲ ನನ್ನ ಬ್ಯಾಗಿನ ಕಡೆ ನೋಡುತ್ತ.

"ಬರ್ಕೊಳ್ತಾ ಇದ್ದೀನಿ, ತಡೀರಿ," ಎಂದೆ.

ಬ್ಯಾಗಿನಲ್ಲಿ ಬೇರೆ ಕಾಗದವಿರಲಿಲ್ಲ. ನಾನು ಟೈಪ್ ಮಾಡಿ ತಂದಿದ್ದ ಲೆಕ್ಕದ ಹಿಂಬದಿಗೆ ಬರೆದೆ. ನಲವತ್ತೊಂದು. ಇರ್ವಿಂಗ್. ಮಧ್ಯಾಹ್ನ ಮೂರು ಹತ್ತು. ತಾರೀಖು ಬರೆಯುವಾಗ ಮಾತ್ರ ಕೈ ತಡೆಯಿತು. ಕಿಟಕಿಯಾಚೆ ಇನ್ನೂ ಬಿಸಿಲಿತ್ತು. ಇವತ್ತಿನದನ್ನೇ ಬರೆದೆ.